ಡೊಡ್ಜಿಯ ಮೈಕು, ಅತ್ತೆಯ ಕೆಂಪೆಣ್ಣೆ

ಸೇಫಾಕೋಪೆಯಲ್ಲಿ ಈ ವರ್ಷ ಒಂದೇ ಒಂದು ಮಗುವೂ ಹಾಸಿಗೆ ಹಿಡಿಯಕೂಡದು! ಡೊಡ್ಜಿ ಅಗ್ಬೆನ್ಯೇಗಾ ಹೀಗೊಂದು ಭೀಷಣ ಪ್ರತಿಜ್ಞೆ ಮಾಡಿದ. ಬೇರೆಯವರಾಗಿದ್ದರೆ ಇಂಥ ಪ್ರತಿಜ್ಞೆಯನ್ನು ಮನಸ್ಸಿನಲ್ಲೇ ಮಾಡಿಕೊಂಡು, ಆಗದಿದ್ದರೆ ಮನಸ್ಸಿನಲ್ಲೇ ಮರೆತು ಸುಮ್ಮನಾಗುತ್ತಿದ್ದರು. ಡೊಡ್ಜಿ ಅದನ್ನು ಮಾಡಿದ್ದು ಬೆಳಗಿನ ಐದೂವರೆಗೆ, ಮೈಕಿನಲ್ಲಿ.

ಊರಿನ ಪ್ರಕಟಣಾ ಕೇಂದ್ರ ಅವನದೇ. ಕೇಂದ್ರ ಎಂದರೆ ಮನೆಗೆ ಅಂಟಿಕೊಂಡಂತೆ ಹಲಗೆ ಹೊಡೆದು ಕಟ್ಟಿದ ಒಂದು ಗೂಡು, ಅದರ ಪಕ್ಕದಲ್ಲಿ ತೆಂಗಿನಮರಕ್ಕಿಂತ ಎತ್ತರದ ಒಂದು ಕಂಬ, ಕಂಬದ ತುದಿಯಲ್ಲಿ ನಾಲ್ಕು ದಿಕ್ಕಿಗೆ ಬಾಯಿ ತೆರೆದ ನಾಲ್ಕು ಸ್ಪೀಕರುಗಳು. ಒಂದು ಹಿನ್ನೀರಿನ ಕಡೆ, ಒಂದು ಸಮುದ್ರದ ಕಡೆ, ಉಳಿದೆರಡು ಊರಿನ ಕಡೆ. ಯಾರು ಸತ್ತರು, ಯಾರ ಮೇಕೆ ಕಳೆಯಿತು, ಈರುಳ್ಳಿ ಬೆಳೆಗಾರರ ಸಭೆ ಯಾವತ್ತು, ಇವೆಲ್ಲ ಬೆಳಕು ಹರಿಯುವ ಮೊದಲೇ ಡೊಡ್ಜಿಯ ಗಂಟಲಿನಿಂದ ಊರಿಗೆ ತಿಳಿಯಬೇಕು. ಸತ್ತವರ ಹೆಸರನ್ನು ಅವನು ಎಷ್ಟು ಗಂಭೀರವಾಗಿ, ಎಷ್ಟು ಎಳೆದೆಳೆದು ಓದುತ್ತಿದ್ದನೆಂದರೆ, ಹೀಗೆ ಓದಿಸಿಕೊಳ್ಳುವುದಕ್ಕಾದರೂ ಒಮ್ಮೆ ಸಾಯಬಹುದು ಎಂದು ಊರಿನ ಮುದುಕರು ಮಾತಾಡಿಕೊಳ್ಳುತ್ತಿದ್ದರು.

ಇಂಥ ಗಂಟಲಿಗೆ ಆರೋಗ್ಯ ಉಪಕೇಂದ್ರದ ನರ್ಸ್ ಡೆಲಾಲಿ ಒಂದು ಪುಸ್ತಕ ಕೊಟ್ಟಳು. ಮಕ್ಕಳಿಗೆ ಬರುವ ಕಾಯಿಲೆಗಳು, ಮನೆಯೊಳಗಿನ ಅಪಾಯಗಳು, ತಂದೆತಾಯಿಗಳು ಮಾಡಬೇಕಾದ್ದು, ಮಾಡಬಾರದ್ದು. ಒಟ್ಟು ಹನ್ನೆರಡು ಪಾಠ.

"ಎಫೋ ಡೊಡ್ಜಿ, ವಾರಕ್ಕೊಂದು ಪಾಠ ಓದಿದ್ರೆ ಸಾಕು" ಎಂದಳು ಡೆಲಾಲಿ. ಅಲ್ಲಿ ಸ್ವಲ್ಪ ಮರ್ಯಾದೆಯ ಗಂಡಸರನ್ನೆಲ್ಲ ಎಫೋ, ಅಂದರೆ ಅಣ್ಣ, ಎಂದೇ ಕರೆಯುವುದು.

"ವಾರಕ್ಕೊಂದಾ! ಅಷ್ಟರೊಳಗೆ ಮಕ್ಕಳು ದೊಡ್ಡೋರಾಗಿ ಮದುವೆ ಆಗಿರ್ತಾವೆ!" ಎಂದ ಡೊಡ್ಜಿ. ದಿನಕ್ಕೊಂದರಂತೆ ಶುರು ಮಾಡಿಯೇಬಿಟ್ಟ.

ಮೊದಲ ದಿನ ಜ್ವರ. "ಮಗುವಿನ ಮೈ ಬಿಸಿಯಾದರೆ ಮೂರು ದಿನ ಕಾದು ನೋಡಬೇಡಿ, ಮಹಾಜನಗಳೇ! ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ!" ಎರಡನೆಯ ದಿನ ಭೇದಿ, ಉಪ್ಪು ಸಕ್ಕರೆ ನೀರು. ಮೂರನೆಯ ದಿನ ನೆಲಗಡಲೆ. ಚಿಕ್ಕ ಮಕ್ಕಳ ಗಂಟಲಿಗೆ ಅದು ಬಿರಡೆಯಾಗುತ್ತದೆ ಎಂದು ಅವನು ಕೂಗಿದ ರಭಸಕ್ಕೆ ಅವತ್ತು ನೆಲಗಡಲೆ ಮಾರುವವಳು ಬುಟ್ಟಿ ಎತ್ತಿಕೊಂಡು ಪಕ್ಕದ ಊರಿಗೆ ಹೋದಳು. ನಾಲ್ಕನೆಯ ದಿನ ಈರುಳ್ಳಿ ಪಾತಿಗಳ ನಡುವೆ ಮರಳಿನಲ್ಲಿ ತೋಡಿದ ಬಾವಿಗಳು. ಅವಕ್ಕೆಲ್ಲ ಮುಚ್ಚಳ ಹಾಕಬೇಕು. ಊರಿನವರು ಹಲ್ಲುಜ್ಜುತ್ತ ಕೇಳಿದರು, ಚೆನ್ನಾಗಿ ಹೇಳುತ್ತಾನೆ ಎಂದು ತಲೆದೂಗಿದರು, ಬಾಯಿ ಮುಕ್ಕಳಿಸಿ ಕೆಲಸಕ್ಕೆ ಹೋದರು. ಬಾವಿಗಳು ಬಾಯಿ ತೆರೆದುಕೊಂಡೇ ಇದ್ದವು.

ಏಳನೆಯ ಪಾಠಕ್ಕೆ ಬಂದಾಗ ಡೊಡ್ಜಿ ಅಲ್ಲೇ ನಿಂತುಬಿಟ್ಟ. ಆ ಪಾಠ ಅವನಿಗೆ ಹಬ್ಬದೂಟ! ಅದು ಸೀಮೆಎಣ್ಣೆಯ ಪಾಠ. ಕುಡಿಯುವ ಪಾನೀಯದ ಬಾಟಲಿಯಲ್ಲಿ ಸೀಮೆಎಣ್ಣೆ ತುಂಬಿಡಬೇಡಿ. ಮಗು ಕುಡಿದರೆ ವಾಂತಿ ಮಾಡಿಸಬೇಡಿ. ಹಾಲು ಕೊಡಬೇಡಿ. ಮುಖ್ಯವಾಗಿ, ಕೆಂಪು ತಾಳೆಎಣ್ಣೆ ಕುಡಿಸಬೇಡಿ. ಕುಡಿಸಿದರೆ ಮಗು ಕಾರುತ್ತದೆ, ಕಾರುವಾಗ ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆ ತಡೆದುಕೊಳ್ಳುವುದನ್ನು ಶ್ವಾಸಕೋಶ ತಡೆದುಕೊಳ್ಳುವುದಿಲ್ಲ.

ಈಗ ಆ ಕರಾವಳಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. ವಿಷ ಹೊಟ್ಟೆಗೆ ಹೋದರೆ ಏನು ಮಾಡಬೇಕು? ಒಂದು ಲೋಟ ಕೆಂಪೆಣ್ಣೆ ಗಂಟಲಿಗೆ ಹುಯ್ಯಬೇಕು! ಇದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ, ಎದೆಹಾಲಿನ ಜೊತೆ ಬಂದಿರುತ್ತದೆ. ಆ ಕೆಂಪೆಣ್ಣೆಯನ್ನು ಶುಂಠಿ ಹಾಕಿ ಘಮಘಮ ಕಾಯಿಸಿ ಊರಿಗೆಲ್ಲ ಮಾರುತ್ತಿದ್ದವಳು ಯಾರೆಂದುಕೊಂಡಿರಿ? ಡೊಡ್ಜಿಯ ಅತ್ತೆ ಅಫಿವಾ. ಅವಳ ಅಂಗಡಿ ಇದ್ದದ್ದು ಡೊಡ್ಜಿಯ ಕಂಬದ ಕೆಳಗೇ, ಗೂಡಿನ ಕಿಟಕಿಯಿಂದ ಹತ್ತು ಹೆಜ್ಜೆ.

ಏಳನೆಯ ಪಾಠವನ್ನು ಡೊಡ್ಜಿ ಒಂದು ದಿನ ಓದಿದ. ಮರುದಿನವೂ ಓದಿದ. ಮೂರನೆಯ ದಿನ ಅಫಿವಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕಿಟಕಿಗೆ ಬಂದಳು.

"ಅಳಿಯಂದ್ರೇ, ನನ್ನ ಎಣ್ಣೆ ನಿಮಗೇನು ಅನ್ಯಾಯ ಮಾಡ್ತು?" ಅವಳಿಗೆ ಕೋಪ ಬಂದಾಗ ಮರ್ಯಾದೆ ಜಾಸ್ತಿಯಾಗುತ್ತಿತ್ತು.

"ಅತ್ತೆ, ನಾನು ಎಣ್ಣೆಯನ್ನ ಬೈತಿಲ್ಲ. ವಿಜ್ಞಾನ ಹೇಳ್ತಿದೀನಿ."

"ನಿನ್ನೆ ರಾತ್ರಿ ವಿಜ್ಞಾನ ಹುರುಳಿ ಸಾರಿಗೆ ಯಾವ ಎಣ್ಣೆ ಹಾಕ್ಕೊಂಡು ಉಂಡಿತೋ?"

"ಅದು ಊಟ, ಇದು ಔಷಧಿ. ಬೇರೆ ಬೇರೆ ಅತ್ತೆ."

"ನಿಮ್ಮ ಹೆಂಡ್ತಿ ಮೂರು ವರ್ಷದೋಳಿದ್ದಾಗ ಇಲಿಪಾಷಾಣ ಬಾಯಿಗೆ ಹಾಕ್ಕೊಂಡಿದ್ಲು. ಎಣ್ಣೆ ಕುಡಿಸಿ ಬದುಕಿಸಿದ್ದು ಈ ಕೈ. ಅವತ್ತು ನಿಮ್ಮ ಪುಸ್ತಕ ಎಲ್ಲಿತ್ತು?"

"ಅವಳು ಬದುಕಿದ್ದು ಅದೃಷ್ಟದಿಂದ ಅತ್ತೆ. ಎಣ್ಣೆಯಿಂದ ಅಲ್ಲ."

ಅಫಿವಾ "ಸರಿ" ಎಂದಷ್ಟೇ ಹೇಳಿ ಹೋದಳು. ಅಂದಿನಿಂದ ಅಳಿಯನ ಜೊತೆ ಮಾತು ಬಿಟ್ಟಳು. ಡೊಡ್ಜಿಗೆ ಇನ್ನೂ ಹುರುಪು ಬಂತು. ಆ ಪಾಠವನ್ನು ಹನ್ನೊಂದು ದಿನ ಬಿಡದೆ ಓದಿದ, ಒಂದೊಂದು ದಿನ ಒಂದೊಂದು ರಾಗದಲ್ಲಿ! ಅಫಿವಾ ಮುಖ ಗಂಟಿಕ್ಕಿಕೊಂಡು ಕಂಬದ ಕೆಳಗೆ ಎಣ್ಣೆಯ ಗಡಿಗೆಯ ಮುಂದೆ ಕೂತಿರುತ್ತಿದ್ದಳು. ಕೇಳಿಸಿಕೊಳ್ಳದೆ ಇರುವ ಸೌಕರ್ಯ ಆ ಊರಿನಲ್ಲಿ ಎಲ್ಲೂ ಇರಲಿಲ್ಲ.

ಇಷ್ಟೆಲ್ಲ ಸಾರುತ್ತಿದ್ದ ಡೊಡ್ಜಿಯ ಗೂಡಿನಲ್ಲೇ ಒಂದು ಬಾಟಲಿ ಇತ್ತು. ಸಮುದ್ರದ ಗಾಳಿಗೆ ಸ್ಪೀಕರಿನ ಸ್ಕ್ರೂಗಳು ತುಕ್ಕು ಹಿಡಿದು ಧ್ವನಿ ಗರಗರ ಎನ್ನತೊಡಗಿತ್ತು. ತುಕ್ಕು ಬಿಡಿಸುವುದಕ್ಕೆ ಅವನು ಅಂಗಡಿಯಿಂದ ಸೀಮೆಎಣ್ಣೆ ತಂದ. ತರುವುದಕ್ಕೆ ಕೈಗೆ ಸಿಕ್ಕಿದ್ದು ಮಾಲ್ಟ್ ಎಂಬ ಸಿಹಿ ಪಾನೀಯದ ಖಾಲಿ ಬಾಟಲಿ. ಅಲ್ಲಿಯ ಮಕ್ಕಳಿಗೆ ಮಾಲ್ಟ್ ಎಂದರೆ ಹುಟ್ಟುಹಬ್ಬ, ಮಾಲ್ಟ್ ಎಂದರೆ ಜ್ವರ ಬಿಟ್ಟ ಮೇಲೆ ಸಿಗುವ ಬಹುಮಾನ.

ಹೆಂಡತಿ ಎಸಿನಾಮ್ ಅದನ್ನು ನೋಡಿದಳು. ದಿನಾ ಬೆಳಗ್ಗೆ ಅವಳು ಜೋಳದ ಹಿಟ್ಟಿನ ಬಿಸಿ ಕಡುಬು ಮತ್ತು ಕರಿದ ಸಣ್ಣ ಮೀನನ್ನು ತಲೆಯ ಮೇಲೆ ಹೊತ್ತುಕೊಂಡು ರಸ್ತೆಗೆ ಮಾರಲು ಹೋಗುತ್ತಿದ್ದಳು. ಅವಳು ಬರುವ ತನಕ ಎರಡೂವರೆ ವರ್ಷದ ಮಗಳು ಮಾವುಸಿ ಡೊಡ್ಜಿಯ ಜವಾಬ್ದಾರಿ.

"ಮಾವುಸಿ ಅಪ್ಪ, ಆ ಬಾಟಲಿ ಯಾಕೆ ನೆಲದ ಮೇಲಿದೆ?"

"ಚೀಟಿ ಅಂಟಿಸಿದೀನಲ್ಲ! ಕೆಂಪಕ್ಷರದಲ್ಲಿ, ಅಪಾಯ ಅಂತ."

"ಎರಡೂವರೆ ವರ್ಷದ ಮಗು ಚೀಟಿ ಓದುತ್ತಾ?"

"ಅದಕ್ಕೇ ಕೆಳಗೆ ತಲೆಬುರುಡೆ ಚಿತ್ರಾನೂ ಬರ್ದಿದೀನಿ. ನೋಡು."

ಎಸಿನಾಮ್ ತಟ್ಟೆ ಹೊತ್ತ ಹಾಗೆಯೇ ಮೊಣಕಾಲು ಮಡಿಸಿ ನೋಡಿದಳು. "ಇದು ತಲೆಬುರುಡೆನಾ? ಹಲ್ಲು ಕಿರ್ಕೊಂಡು ಒಳ್ಳೇ ನಿನ್ನ ಹಾಗೇ ಇದೆ."

ಮಾವುಸಿಯೂ ಬಂದು ಚಿತ್ರದ ಮೇಲೆ ಬೆರಳಿಟ್ಟಳು. "ಅಪ್ಪ!" ಎಂದಳು.

ಮೂವರೂ ನಕ್ಕರು. "ಮೇಲೆತ್ತಿಡು" ಎಂದು ಹೇಳಿ ಎಸಿನಾಮ್ ಹೋದಳು. "ಇಡ್ತೀನಿ, ಇಡ್ತೀನಿ" ಎಂದ ಡೊಡ್ಜಿ. ಅವನಿಗೆ ಅವತ್ತು ಓದಬೇಕಾದ ಪಾಠದ ರಾಗ ಇನ್ನೂ ಕೂಡಿ ಬಂದಿರಲಿಲ್ಲ.

ಹನ್ನೆರಡನೆಯ ದಿನ. ಅವತ್ತಿನ ಓದು ಅದ್ಭುತವಾಗಿತ್ತು ಎಂದು ಅವನಿಗೇ ಅನ್ನಿಸಿತು. ಮುಗಿಸಿದವನೇ, ಇಂಥ ಧ್ವನಿ ಗರಗರ ಎನ್ನದೆ ಹಿನ್ನೀರಿನ ಆಚೆ ದಡಕ್ಕೂ ಮುಟ್ಟಬೇಕು ಎಂದುಕೊಂಡು, ಚಿಂದಿಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬಾಟಲಿಯನ್ನು ಮೇಜಿನ ಕಾಲ ಬಳಿ ಇಟ್ಟು, ಏಣಿ ಹತ್ತಿದ. ಮಾವುಸಿ ಗೂಡಿನೊಳಗೆ ಡಬ್ಬಿಯ ಮುಚ್ಚಳಗಳನ್ನು ಜೋಡಿಸಿಕೊಂಡು ಆಡುತ್ತಿದ್ದಳು. ಎರಡೇ ನಿಮಿಷ! ಮೈಕಿನ ಗುಂಡಿ ಆರಿಸುವುದನ್ನು ಅವನು ಮರೆತಿದ್ದ.

ಕಂಬದ ತುದಿಯಲ್ಲಿ ಅವನು ಸ್ಪೀಕರಿನ ಬಾಯಿಯ ಪಕ್ಕದಲ್ಲೇ ಕಿವಿ ಇಟ್ಟುಕೊಂಡು ಸ್ಕ್ರೂ ಉಜ್ಜುತ್ತಿದ್ದ. ಆ ಸ್ಪೀಕರು ಕೆಮ್ಮಿತು.

ಪುಟ್ಟ ಕೆಮ್ಮು. ಮತ್ತೊಂದು. ಆಮೇಲೆ ಉಸಿರು ಎಳೆದುಕೊಳ್ಳಲಾಗದೆ ಒದ್ದಾಡುವ ಸದ್ದು. ಅದು ನಾಲ್ಕು ದಿಕ್ಕಿಗೂ ಹೋಯಿತು. ಹಿನ್ನೀರಿಗೆ, ಸಮುದ್ರಕ್ಕೆ, ಈರುಳ್ಳಿ ಪಾತಿಗಳಿಗೆ, ರಸ್ತೆಯ ಬದಿಯಲ್ಲಿ ಕಡುಬು ಮಾರುತ್ತಿದ್ದ ತಾಯಿಗೆ. ಊರು ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ಡೊಡ್ಜಿ ಏಣಿಯಿಂದ ಇಳಿದನೋ ಬಿದ್ದನೋ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಬಾಟಲಿ ಉರುಳಿತ್ತು. ಮಗುವಿನ ಅಂಗಿ ಎದೆಯ ತನಕ ಒದ್ದೆಯಾಗಿತ್ತು. ಬಾಯಿಂದ ಸೀಮೆಎಣ್ಣೆಯ ವಾಸನೆ ಗಪ್ಪೆಂದು ಹೊಡೆಯಿತು. ಕಣ್ಣಲ್ಲಿ ನೀರು ತುಂಬಿಕೊಂಡು ಅವಳು ಅಪ್ಪನ ಕಡೆ ಎರಡೂ ಕೈ ಚಾಚಿದಳು, ಕೂಗುವುದಕ್ಕೆ ಬಾಯಿ ತೆರೆದಳು, ಕೂಗು ಬರಲಿಲ್ಲ, ಕೆಮ್ಮು ಬಂತು.

ಹನ್ನೆರಡು ದಿನ ಬಾಯಿಪಾಠ ಮಾಡಿದ್ದ ಏಳನೆಯ ಪಾಠದ ಒಂದಕ್ಷರವೂ ಡೊಡ್ಜಿಯ ತಲೆಯಲ್ಲಿ ಉಳಿಯಲಿಲ್ಲ. ತಾಯಿಯ ಹಾಲಿನ ಜೊತೆ ಬಂದದ್ದು ಮಾತ್ರ ಉಳಿದಿತ್ತು.

"ಅಯ್ಯೋ! ಸೀಮೆಎಣ್ಣೆ! ಮಗು ಸೀಮೆಎಣ್ಣೆ ಕುಡೀತು! ಎಣ್ಣೆ ತನ್ನಿ! ಯಾರಾದ್ರೂ ಕೆಂಪೆಣ್ಣೆ ತನ್ನೀ!"

ಗಂಟಲು ಎಂದರೆ ಗಂಟಲು! ಅವನ ಜೀವಮಾನದ ಅತ್ಯಂತ ಸ್ಪಷ್ಟ ಪ್ರಕಟಣೆ ಅದು. ಊರಿನ ಒಂದೊಂದು ಒಲೆಯ ಮುಂದಿನಿಂದಲೂ ಒಬ್ಬೊಬ್ಬ ಹೆಂಗಸು ಎದ್ದಳು. ಬಾವಿಗೆ ಮುಚ್ಚಳ ಹಾಕಿ ಎಂದಾಗ ಕದಲದ ಊರು, ಎಣ್ಣೆ ತನ್ನಿ ಎಂದದ್ದೇ ತಡ, ಬಾಟಲಿ, ಸೌಟು, ತಂಬಿಗೆ, ಕೈಗೆ ಸಿಕ್ಕಿದ್ದರಲ್ಲಿ ಎಣ್ಣೆ ಹಿಡಿದುಕೊಂಡು ಓಡಿ ಬಂತು.

ಅವರೆಲ್ಲರಿಗಿಂತ ಮೊದಲು ಡೊಡ್ಜಿಯೇ ಮಗುವನ್ನು ಎತ್ತಿಕೊಂಡು ಅತ್ತೆಯ ಗಡಿಗೆಗೆ ಕೈ ಹಾಕಿದ್ದ.

ಅಫಿವಾ ಗಡಿಗೆಯ ಮುಚ್ಚಳವನ್ನು ಮುಚ್ಚಿ ಅದರ ಮೇಲೆ ಎರಡೂ ಕೈ ಊರಿದಳು. "ಇಲ್ಲ" ಎಂದಳು.

"ಅತ್ತೆ, ಕೊಡಿ!"

"ಕೊಡಬಾರದು ಅಂತ ನೀನೇ ಹೇಳಿದ್ದು."

"ನಾನು ಹೇಳಿದ್ದು ಬೇರೆಯೋರ ಮಕ್ಕಳಿಗೆ!"

ಮೈಕು ಇನ್ನೂ ಬದುಕಿತ್ತು. ಕಿಟಕಿಯಿಂದ ಹತ್ತು ಹೆಜ್ಜೆಯಲ್ಲಿ ಕೂಗಿದ ಆ ಮಾತೂ ಊರಿಗೆಲ್ಲ ಕೇಳಿಸಿತು. ಓಡಿ ಬರುತ್ತಿದ್ದ ಹೆಂಗಸರು ಒಂದು ಹೆಜ್ಜೆ ತಡೆದರು. ಡೊಡ್ಜಿಗೂ ತಾನು ಹೇಳಿದ್ದು ತಲೆಯ ಮೇಲಿನಿಂದ ವಾಪಸು ಬಂದು ಬಡಿಯಿತು. ಆದರೂ ಅವನ ಕೈ ಗಡಿಗೆ ಬಿಡಲಿಲ್ಲ.

"ಮಗೂನ ಇಲ್ಲಿ ಕೊಡು" ಎಂದಳು ಅಫಿವಾ. ಕೊಡುವ ತನಕ ಕಾಯದೆ ಕಿತ್ತುಕೊಂಡಳು. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿದಳು. ಒದ್ದೆ ಅಂಗಿಯನ್ನು ಹರಿದೇ ತೆಗೆದಳು. ಕೈ ತೊಳೆಯುವ ಬೋಗುಣಿಯ ನೀರಿನಿಂದ ಎದೆ, ಕೊರಳು, ಬಾಯಿಯ ಸುತ್ತ ಒರೆಸುತ್ತ, ಶಾಲೆಯ ಮಕ್ಕಳು ಮಗ್ಗಿ ಹೇಳುವ ಹಾಗೆ ಗಟ್ಟಿಯಾಗಿ ಒಪ್ಪಿಸತೊಡಗಿದಳು. "ಕೂರಿಸಬೇಕು. ಬೆನ್ನ ಮೇಲೆ ಮಲಗಿಸಬಾರದು. ಬಟ್ಟೆ ತೆಗೀಬೇಕು. ಮೈ ತೊಳೀಬೇಕು. ಬಾಯಿಗೆ ಬೆರಳು ಹಾಕಬಾರದು. ಹಾಲು ಬೇಡ, ಎಣ್ಣೆ ಬೇಡ, ಏನೂ ಬೇಡ. ಆಮೇಲೆ? ಅಳಿಯಾ, ಆಮೇಲೇನು ಹೇಳಿದ್ದೆ?"

ಡೊಡ್ಜಿಗೆ ಪುಸ್ತಕ ಬರೆದವರ ಹೆಸರು ನೆನಪಾಯಿತು, ಅದರ ಮುಂದಿನ ಸಾಲು ನೆನಪಾಗಲಿಲ್ಲ.

"ಕಾಯದೆ ಆಸ್ಪತ್ರೆಗೆ" ಎಂದಳು ಸೌಟಿನಲ್ಲಿ ಎಣ್ಣೆ ಹಿಡಿದುಕೊಂಡು ನಿಂತಿದ್ದ ಒಬ್ಬ ಹೆಂಗಸು. "ಬಾಟಲಿನೂ ಜೊತೇಲಿ ತಗೊಂಡು."

"ಹಾಂ, ಅದೇ" ಎಂದಳು ಅಫಿವಾ.

ಆದರೆ ಉಳಿದವರು ಸುತ್ತ ಮುತ್ತಿಕೊಂಡಿದ್ದರು. "ಅಜ್ಜಿ, ಒಂದೇ ಒಂದು ಗುಟುಕು!" "ನಂದು ನಿನ್ನೆ ಕಾಯಿಸಿದ್ದು, ಹೊಸ ಎಣ್ಣೆ!" "ಮಗು ಮುಖ ನೋಡಿ, ಕಪ್ಪಿಡ್ತಿದೆ! ನಿಮಗೇನು ಹಟ ಅಜ್ಜಿ?"

"ದೂರ ಹೋಗ್ರೇ! ಯಾರಾದ್ರೂ ಒಂದು ತೊಟ್ಟು ಹಾಕಿದ್ರೆ ಕೈ ಮುರೀತೀನಿ!" ಎಂದು ಅಫಿವಾ ಕೂಗಿದಳು. ಅವಳು ಅಳಿಯನ ಕಡೆ ತಿರುಗಿದಳು. ಧ್ವನಿ ತಗ್ಗಿತು. "ನನ್ನ ಜೀವ ಹೊಡ್ಕೊಳ್ತಿದೆ, ಕೊಡು ಕೊಡು ಅಂತ. ಇಷ್ಟು ವರ್ಷ ಅದನ್ನೇ ಮಾಡಿದ್ದು ನಾನು. ಹನ್ನೆರಡು ದಿನ ನೀನು ಹೇಳಿದ್ದನ್ನ ನಂಬಿ ಕೂತಿದೀನಿ. ಅದು ಸುಳ್ಳಾದ್ರೆ ಅಳಿಯಾ, ನಿನ್ನನ್ನೂ ಕ್ಷಮಿಸಲ್ಲ, ನನ್ನನ್ನೂ ಕ್ಷಮಿಸ್ಕೊಳ್ಳಲ್ಲ."

ಡೊಡ್ಜಿಗೆ ಅಳು ಬಂತು. ಊರೆಲ್ಲ ನೋಡುತ್ತಿದ್ದರೂ ತಡೆದುಕೊಳ್ಳಲಾಗಲಿಲ್ಲ.

ಯಾರೋ ಮೋಟರ್ ಬೈಕ್ ತಂದರು. ಮುಂದೆ ಬೈಕಿನವನು, ನಡುವೆ ಮಗುವನ್ನು ಎದೆಗೆ ಒತ್ತಿ ನೆಟ್ಟಗೆ ಹಿಡಿದ ಅಫಿವಾ, ಹಿಂದೆ ಬಾಟಲಿ ಹಿಡಿದ ಡೊಡ್ಜಿ. ಉಪಕೇಂದ್ರದ ಬಾಗಿಲಲ್ಲಿ ನರ್ಸ್ ಡೆಲಾಲಿ ಆಗಲೇ ಬಂದು ನಿಂತಿದ್ದಳು. ಅವಳಿಗೂ ಕೇಳಿಸಿತ್ತು, ದೊಡ್ಡ ಆಸ್ಪತ್ರೆಗೆ ಹೋಗಲು ಟ್ಯಾಕ್ಸಿಗೂ ಫೋನ್ ಮಾಡಿದ್ದಳು. ಅವಳ ಕಣ್ಣು ಮಾತ್ರ ಡೊಡ್ಜಿಯ ಮೇಲೆ ಸಿಟ್ಟಿನಿಂದ ನೆಟ್ಟಿತ್ತು.

"ಎಷ್ಟು ಎಣ್ಣೆ ಕುಡಿಸಿದ್ರಿ?"

"ಕುಡಿಸಿಲ್ಲ" ಎಂದಳು ಅಫಿವಾ.

"ವಾಂತಿ?"

"ಇಲ್ಲ."

"ಬೆರಳು ಹಾಕಿದ್ರಾ? ಹಾಲು?"

"ಏನೂ ಇಲ್ಲ ಅಂತ ಹೇಳಿದ್ನಲ್ಲ, ಮಗೂನ ನೋಡವ್ವ!"

ಡೆಲಾಲಿ ಮಗುವಿನ ಪಕ್ಕೆಲುಬು ಎಷ್ಟು ಬೇಗ ಬೇಗ ಒಳಗೆ ಹೋಗುತ್ತಿದೆ ಎಂದು ಎಣಿಸತೊಡಗಿದಳು. ಅಷ್ಟರಲ್ಲಿ ಎಸಿನಾಮ್ ಬಂದಳು. ರಸ್ತೆಯಿಂದ ಅಲ್ಲಿಯ ತನಕ ಓಡಿಯೇ ಬಂದಿದ್ದಳು. ತಲೆಯ ಮೇಲೆ ತಟ್ಟೆ ಇರಲಿಲ್ಲ, ಕಾಲಲ್ಲಿ ಒಂದೇ ಚಪ್ಪಲಿ ಇತ್ತು. ಗಂಡನನ್ನು ದಾಟಿ ಹೋಗಿ ಮಗುವಿನ ಪಾದ ಹಿಡಿದುಕೊಂಡಳು.

ದೊಡ್ಡ ಆಸ್ಪತ್ರೆಯಲ್ಲಿ ಮಾವುಸಿಯ ಪುಟ್ಟ ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟರು. ಸ್ವಲ್ಪ ಸೀಮೆಎಣ್ಣೆ ಶ್ವಾಸಕೋಶಕ್ಕೆ ಹೋಗಿದೆ, ಎರಡು ದಿನ ಕಳೆಯಬೇಕು, ಅಲ್ಲಿಯ ತನಕ ಏನೂ ಹೇಳುವಂತಿಲ್ಲ ಎಂದರು ಡಾಕ್ಟರು. ಎರಡು ದಿನ ಎಂದರೆ ಎಷ್ಟು ಉದ್ದ ಎಂದು ಹಾಸಿಗೆಯ ಪಕ್ಕದಲ್ಲಿ ಕೂತವರಿಗೆ ಮಾತ್ರ ಗೊತ್ತು.

ಮೊದಲ ದಿನ ಮಧ್ಯಾಹ್ನ ಎಸಿನಾಮ್ ಕೇಳಿದಳು. "ಏಣಿ ಮೇಲೆ ಏನು ಮಾಡ್ತಿದ್ದೆ?"

"ಸ್ಕ್ರೂ ಉಜ್ಜುತಿದ್ದೆ."

"ಯಾಕೆ?"

ಅವನಿಗೆ ಸುಳ್ಳು ಹೇಳಬೇಕು ಅನ್ನಿಸಿತು. ಒಂದೂ ಹೊಳೆಯಲಿಲ್ಲ. "ನನ್ನ ಧ್ವನಿ ಆಚೆ ದಡದ ತನಕ ಹೋಗ್ಲಿ ಅಂತ."

ಅವಳು ಬೈದಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವಳು ಮಗುವಿನ ಹಣೆಯ ಮೇಲಿನ ಬೆವರು ಒರೆಸಿದಳು, ಕಿಟಕಿಯ ಕಡೆ ತಿರುಗಿ ಕೂತು ಸದ್ದಿಲ್ಲದೆ ಅತ್ತಳು. ಆ ಬೆನ್ನನ್ನು ನೋಡುತ್ತ ಡೊಡ್ಜಿ ಸಂಜೆಯ ತನಕ ನೀರೂ ಕುಡಿಯದೆ ಕೂತಿದ್ದ.

ಮೂರನೆಯ ದಿನ ಬೆಳಗ್ಗೆ ಮಾವುಸಿ ಕಣ್ಣು ಬಿಟ್ಟಳು. ಮೂಗಿನ ಕೊಳವೆಯನ್ನು ಕಿತ್ತಳು. ಅದನ್ನು ಮತ್ತೆ ಇಡಲು ಬಂದ ನರ್ಸಿನ ಕೈ ಕಚ್ಚಿದಳು. ಆಮೇಲೆ ಇಡೀ ವಾರ್ಡು ಎದ್ದು ಕೂರುವ ಹಾಗೆ ಕಿರುಚಿದಳು. ಗಂಟಲು ಅಪ್ಪನದೇ! ಆ ಕಿರುಚಾಟವನ್ನು ಮೂವರೂ ಕಣ್ಣೀರು ಸುರಿಸಿಕೊಂಡು ಕೇಳಿದರು.

ಡಾಕ್ಟರು ಬಂದು ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ ತಲೆಯಾಡಿಸಿದರು. "ಬಚಾವಾದಳು. ಇಲ್ಲಿಗೆ ಬರೋ ಮಕ್ಕಳಿಗೆಲ್ಲ ಎಣ್ಣೆ ಕುಡಿಸಿ, ವಾಂತಿ ಮಾಡಿಸಿ, ಎಲ್ಲ ಆದ ಮೇಲೆ ತರ್ತಾರೆ. ಇವಳಿಗೆ ಒಂದು ತೊಟ್ಟು ಕೊಡದೆ ತಂದೋರು ಯಾರು?"

ಡೊಡ್ಜಿ ಅತ್ತೆಯ ಕಡೆ ಕೈ ತೋರಿಸಿದ.

"ಅಜ್ಜಿ, ನಿಮಗೆ ಇದನ್ನ ಯಾರು ಹೇಳ್ಕೊಟ್ರು?"

ಅಫಿವಾ ಅಳಿಯನನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮೂರಲ್ಲಿ ಒಬ್ರಿದ್ದಾರೆ ಡಾಕ್ಟರೇ. ಹೇಳೋದು ಮಾತ್ರ ಬಹಳ ಚೆನ್ನಾಗಿ ಹೇಳ್ತಾರೆ."

ಶುಕ್ರವಾರ ಊರಿಗೆ ಬಂದರು. ಶನಿವಾರ ಬೆಳಗ್ಗೆ ಐದೂವರೆಗೆ ಡೊಡ್ಜಿ ಗೂಡಿನೊಳಗೆ ಹೋಗಿ ಮೈಕಿನ ಮುಂದೆ ಕೂತ. ಪುಸ್ತಕ ತೆರೆಯಲಿಲ್ಲ. ಮಹಾಜನಗಳೇ ಎನ್ನಲಿಲ್ಲ. ಗುಂಡಿ ಒತ್ತಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದರಿಂದ ಊರಿನವರು ಕರೆಂಟು ಹೋಯಿತೆಂದುಕೊಂಡರು.

"ನಾನು ಡೊಡ್ಜಿ" ಎಂದ ಕೊನೆಗೆ. ರಾಗ ಇರಲಿಲ್ಲ. "ಬಾಟಲಿ ನಂದು. ನೆಲದ ಮೇಲೆ ಇಟ್ಟೋನು ನಾನು. ಮೇಲೆತ್ತಿಡು ಅಂತ ಹೆಂಡ್ತಿ ಹೇಳಿದ್ಲು, ನಾನು ಕೇಳ್ಲಿಲ್ಲ. ನಿಮಗೆಲ್ಲ ಬೇಡ ಅಂದ ಎಣ್ಣೇನ ನನ್ನ ಮಗಳಿಗೆ ಹುಯ್ಯೋಕೆ ಹೋಗಿದ್ದೆ. ಅತ್ತೆ ತಡೆದ್ರು. ತಡೀದೆ ಇದ್ದಿದ್ರೆ ಇವತ್ತು ನಾನು ಈ ಮೈಕಲ್ಲಿ ಮಾವುಸಿ ಹೆಸರು ಓದಬೇಕಾಗಿತ್ತು." "ಅಷ್ಟೇ" ಎಂದ. ಗುಂಡಿ ಆರಿಸಿದ. ಆರಿದೆಯೋ ಇಲ್ಲವೋ ಎಂದು ಎರಡು ಸಲ ಒತ್ತಿ ನೋಡಿದ.

ಏಳು ಗಂಟೆಯ ತನಕ ಅವನು ತಲೆ ತಗ್ಗಿಸಿ ಒಳಗೇ ಕೂತಿದ್ದ. ಹೊರಗೆ ಟಣ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಣ್. ಬಾಗಿಲು ತೆರೆದು ನೋಡಿದರೆ, ಮರಳಿನ ಮೇಲೆ ಬಾಟಲಿಗಳು! ಮಾಲ್ಟಿನ ಬಾಟಲಿ, ಕುಡಿಯುವ ನೀರಿನ ಬಾಟಲಿ, ಕಷಾಯದ ಬಾಟಲಿ, ಮಕ್ಕಳ ಕೆಮ್ಮಿನ ಔಷಧಿಯ ಬಾಟಲಿ. ಎಲ್ಲದರಲ್ಲೂ ಸೀಮೆಎಣ್ಣೆ. ಈರುಳ್ಳಿ ಬೆಳೆಗಾರರು ತಂದಿಟ್ಟರು, ಬಲೆ ನೇಯುವವರು ತಂದಿಟ್ಟರು. ಚರ್ಚಿನ ಪಾದ್ರಿಗಳು ನಿಲುವಂಗಿಯ ತೋಳಿನೊಳಗಿಂದ ಒಂದು ತೆಗೆದರು. ಕೊನೆಗೆ ನರ್ಸ್ ಡೆಲಾಲಿಯೂ ಬಟ್ಟೆ ಸುತ್ತಿಕೊಂಡು ಒಂದು ತಂದು, ಎಲ್ಲರಿಗಿಂತ ಹಿಂದೆ ಇಟ್ಟಳು.

"ನೀನೂನಾ?" ಎಂದ ಡೊಡ್ಜಿ.

"ನಮ್ಮ ಯಜಮಾನ್ರು ಇಟ್ಟಿದ್ದು" ಎಂದಳು ಡೆಲಾಲಿ, ಬೇರೆ ಕಡೆ ನೋಡಿಕೊಂಡು.

ಬಂದವರೆಲ್ಲ ಹೇಳಿದ್ದು ಹೆಚ್ಚು ಕಡಿಮೆ ಒಂದೇ ಮಾತು. "ಎಫೋ ಡೊಡ್ಜಿ, ನೀನು ಹೇಳಿದ್ದು ಕೇಳಿ ನಿದ್ದೆ ಬರಲ್ಲ ಇನ್ನು. ಇದನ್ನ ನಿನ್ನ ಹತ್ರಾನೇ ಇಟ್ಕೋ. ಮನೇಲಿ ಮಕ್ಕಳಿದ್ದಾವೆ."

ಎಂಟು ಗಂಟೆಯ ಹೊತ್ತಿಗೆ ಬಾಗಿಲಿನಿಂದ ಕಂಬದ ಬುಡದ ತನಕ ಕಾಲಿಡಲು ಜಾಗವಿರಲಿಲ್ಲ. ಡೊಡ್ಜಿ ಆ ಸಾಲುಗಳನ್ನು ನೋಡಿದ. ಹನ್ನೆರಡು ದಿನ ರಾಗ ಎಳೆದು ಓದಿದರೂ ಒಂದು ಬಾಟಲಿ ಕದಲಿರಲಿಲ್ಲ, ಇವತ್ತು ಊರಿಗೆ ಊರೇ ಖಾಲಿಯಾಗಿತ್ತು! ಬಗ್ಗಿದ್ದ ಅವನ ಬೆನ್ನು ನಿಧಾನವಾಗಿ ನೆಟ್ಟಗಾಯಿತು. ಎದೆ ಒಂದಂಗುಲ ಉಬ್ಬಿತು. ಇಂಥ ಸಾಧನೆಯನ್ನು ನಾಲ್ಕು ದಿಕ್ಕಿಗೆ ಸಾರದೆ ಇರುವುದು ಹೇಗೆ? ಗೂಡಿನೊಳಗೆ ಹೋಗಿ ಮೈಕಿನ ಗುಂಡಿಗೆ ಬೆರಳು ಇಟ್ಟ.

ಬಾಗಿಲಲ್ಲಿ ಎಸಿನಾಮ್ ಬಂದು ನಿಂತಿದ್ದಳು. ಸೊಂಟದ ಮೇಲೆ ಮಾವುಸಿ. ಮಗು ಅಷ್ಟೂ ಬಾಟಲಿಗಳನ್ನು ಕಣ್ಣರಳಿಸಿ ನೋಡಿ, ಹತ್ತಿರದ ಮಾಲ್ಟಿನ ಬಾಟಲಿಯ ಕಡೆ ಕೈ ಚಾಚಿ, ಕೆಳಗಿಳಿಯಲು ಒದ್ದಾಡುತ್ತಿದ್ದಳು. ಎಸಿನಾಮ್ ಅವಳನ್ನು ಇನ್ನೂ ಬಿಗಿಯಾಗಿ ಅವಚಿಕೊಂಡಳು. ಗಂಡನನ್ನು ನೋಡಿದಳು.

"ಮನೇಲಿ ಮಕ್ಕಳಿದ್ದಾವೆ ಅಂತ ಊರೋರೆಲ್ಲ ತಂದು ನಮ್ಮ ಬಾಗಿಲಲ್ಲಿಟ್ರು. ಮಾವುಸಿ ಅಪ್ಪ, ನಮ್ಮನೇಲಿ ಇರೋದೇನು?"

ಡೊಡ್ಜಿ ಗುಂಡಿಯ ಮೇಲಿನ ಬೆರಳು ತೆಗೆದು ಹೊರಗೆ ಬಂದು, ಬಗ್ಗಿ, ಮೊದಲ ಎರಡು ಬಾಟಲಿಗಳನ್ನು ಎತ್ತಿಕೊಂಡ.